ಮಾರುತದ ಹಸಿರು

ಮಧುಕರ್ ಬಣ್ಣ ಬೆರೆಸುತ್ತಿದ್ದದ್ದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಜಪಾನಿನ ಉರಯಾಸು ಊರಿನ ತನ್ನ ಮನೆಯ ಉತ್ತರದ ಕಿಟಕಿಯ ಪಕ್ಕದಲ್ಲಿ. ಬೇರೆ ಹೊತ್ತಿನಲ್ಲಿ ಬಾಟಲಿಯ ಮುಚ್ಚಳವನ್ನೇ ತೆಗೆಯುತ್ತಿರಲಿಲ್ಲ. ವಾರವಿಡೀ ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಅವನಿಗೆ ಇದ್ದ ಒಂದೇ ಹುಚ್ಚು ಮೊದಮೊದಲ ಜೆಟ್ ಯುದ್ಧವಿಮಾನಗಳ ಪುಟ್ಟ ಮಾದರಿಗಳು. ಅದರಲ್ಲೂ ಬೆಂಗಳೂರಿನಲ್ಲೇ ತಯಾರಾದ ಮಾರುತ.

ಮಾರುತದ ಹಸಿರು ನಿಜವಾಗಿ ಹೇಗಿತ್ತು ಎಂಬುದು ಅವನ ಪ್ರಶ್ನೆ. ಹಳೆಯ ಫೋಟೋಗಳನ್ನು ನಂಬುವಂತಿಲ್ಲ, ಒಂದರಲ್ಲಿ ನೀಲಿಗೆ ತಿರುಗಿದ್ದರೆ ಇನ್ನೊಂದರಲ್ಲಿ ಕಪ್ಪು. ಪ್ರದರ್ಶನಕ್ಕಿಟ್ಟ ವಿಮಾನಗಳಿಗೆ ಎಷ್ಟು ಸಲ ಮರುಬಣ್ಣ ಬಳಿದಿದ್ದಾರೋ ಯಾರಿಗೂ ಗೊತ್ತಿಲ್ಲ. ಆದರೆ ಅವನ ದೊಡ್ಡಪ್ಪ ಅನಂತಮೂರ್ತಿ ವಿಮಾನ ಕಾರ್ಖಾನೆಯ ಪೇಂಟ್ ಷಾಪಿನಲ್ಲಿದ್ದವರು. ಬಣ್ಣ ಪರೀಕ್ಷಿಸಲು ಬಳಿದ ಅಂಗೈ ಅಗಲದ ಒಂದು ತಗಡು ಅವರ ಪೆಟ್ಟಿಗೆಯಲ್ಲಿ ಉಳಿದಿತ್ತು. ಅದರ ಮೇಲಿದ್ದ ಕ್ಲಾಂಪನ್ನು ಬಿಚ್ಚಿದರೆ, ಬಿಸಿಲೇ ಕಾಣದ ಬೆರಳಗಲದ ಹಸಿರು. ಮಧುಕರ್ ಆ ಬೆರಳಗಲಕ್ಕೆ ಹೊಂದುವ ಮಿಶ್ರಣ ಹುಡುಕುತ್ತಿದ್ದ. ಎಷ್ಟೆಷ್ಟು ಹನಿ ಎಂದು ಬರೆದು, ಒಂದು ಚೀಟಿಗೆ ಬಳಿದು, ಹಿಂದೆ ತಾರೀಖು ಹಾಕಿ ತ್ಸುಕುಬಾ ಊರಿನ ಇಶಿವಾತಾರಿ-ಸಾನ್ ಅವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದ. ಎಪ್ಪತ್ತೆಂಟರ ಆ ನಿವೃತ್ತ ಸಂಶೋಧಕರು ಮಾದರಿ ಕಟ್ಟುವವರ ಸಣ್ಣ ಸಂಘವೊಂದನ್ನು ನಡೆಸುತ್ತಿದ್ದರು. ಅವರ ಬಳಿಯೂ ಅದೇ ತಗಡಿನ ಒಂದು ತುಂಡಿತ್ತು, ಮಧುಕರನೇ ಕತ್ತರಿಸಿ ಕೊಟ್ಟದ್ದು.

ಕಳೆದ ನವೆಂಬರಿನಲ್ಲಿ ಅವನ ಕತ್ತಿನಲ್ಲೊಂದು ಗಂಟು ಕಾಣಿಸಿಕೊಂಡಿತು. ಕ್ಷಯ ಎಂದರು. ಇದು ಹರಡುವ ಬಗೆಯದಲ್ಲ ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ಒಂದು ಔಷಧಿ ನಾಟದೆ ಹೋದದ್ದರಿಂದ ಉಳಿದ ಮಾತ್ರೆಗಳನ್ನು ಹೆಚ್ಚು ತಿಂಗಳು ನುಂಗಬೇಕಾಯಿತು. ಅವುಗಳಲ್ಲಿ ಒಂದು ಕಣ್ಣಿನ ನರಕ್ಕೆ ತೊಂದರೆ ಮಾಡಬಹುದು ಎಂದು ಔಷಧಿಯ ಜೊತೆಗಿನ ಕಾಗದದಲ್ಲಿತ್ತು. ಮಧುಕರ್ ಅದನ್ನು ಓದಿ, ಮಡಿಚಿ, ಡ್ರಾಯರಿನ ತಳಕ್ಕೆ ಹಾಕಿದ. ಹೆಂಡತಿ ಹಂಸಾಳಿಗೆ ತೋರಿಸಲಿಲ್ಲ.

ಮಾರ್ಚಿನಲ್ಲಿ ಇಶಿವಾತಾರಿ-ಸಾನ್ ಬರೆದರು: ‘ಈ ಸಲದ ಚೀಟಿ ಸ್ವಲ್ಪ ಕಂದು ಅನ್ನಿಸುವುದಿಲ್ಲವೇ?’

ಮಧುಕರ್ ತಗಡನ್ನೂ ಚೀಟಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದ. ಎರಡೂ ಒಂದೇ.

“ಅಜ್ಜನ ಕಣ್ಣು ಹೋಯ್ತು ಅನ್ಸತ್ತೆ ಕಣೆ,” ಎಂದ.

“ಪಾಪ, ಹಾಗೆಲ್ಲ ಅನ್ಬೇಡಿ,” ಎಂದಳು ಹಂಸಾ. “ನಿಮಗಿಂತ ನೀಟಾಗಿ ವಿಮಾನಕ್ಕೆ ಡೆಕಾಲ್ ಸ್ಟಿಕ್ಕರ್ ಅಂಟಿಸ್ತಾರೆ.”

ಏಪ್ರಿಲಿನಲ್ಲಿ ಮತ್ತೆ ಅದೇ ಮಾತು ಬಂತು. ಮಧುಕರ್ ಬಹಳ ವಿನಯದಿಂದ, ತಮ್ಮ ಕಣ್ಣನ್ನು ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದಲ್ಲವೇ ಎಂದು ಉತ್ತರಿಸಿದ.

ಆ ವಾರವೇ ಹಂಸಾ ಪೂಜೆ ಮುಗಿಸಿ ಬಂದಾಗ ಅವಳ ಹಣೆ ನೋಡಿ, “ಕುಂಕುಮ ಹಳೇದಾ? ಮಣ್ಣಿನ ಥರ ಇದೆ,” ಎಂದ.

“ಅಮ್ಮ ಹೋದ ತಿಂಗಳು ಕಳ್ಸಿದ್ದು ರೀ. ಕೆಂಡದ ಥರ ಇದೆಯಲ್ಲ!”

ಅವನು ಮಾತು ಬದಲಿಸಿದ. ಅಂದಿನಿಂದ ಹಂಸಾಳ ಹಣೆಯನ್ನು ನೋಡುವುದನ್ನು ಬಿಟ್ಟ. ಸಿಗ್ನಲ್ ದಾಟುವಾಗ ದೀಪ ನೋಡದೆ, ಮುಂದಿನವರು ಹೆಜ್ಜೆ ಇಟ್ಟ ಮೇಲೆ ತಾನೂ ಇಡುತ್ತಿದ್ದ. ತಿಂಗಳ ತಪಾಸಣೆಯಲ್ಲಿ ನರ್ಸ್ ಎಂದಿನಂತೆ, “ಬಣ್ಣಗಳು ಬೇರೆಯಾಗಿ ಕಾಣುತ್ತಿವೆಯೇ?” ಎಂದು ಕೇಳಿದಳು. ಇಲ್ಲ ಎಂದ. ಹೌದು ಎಂದರೆ ಮಾತ್ರೆ ನಿಲ್ಲಿಸುತ್ತಾರೆ, ನಿಲ್ಲಿಸಿದರೆ ಕತ್ತಿನ ಗಂಟು ಮತ್ತೆ ಬೆಳೆಯುತ್ತದೆ. ಹೇಳದಿದ್ದರೆ ಕಣ್ಣು. ಯಾವುದಕ್ಕೆ ಹೆಚ್ಚು ಹೆದರಬೇಕೆಂದೇ ಆಗ ಅವನಿಗೆ ತಿಳಿಯಲಿಲ್ಲ.

ಮೇ ತಿಂಗಳ ಎರಡನೇ ಭಾನುವಾರ ಇಶಿವಾತಾರಿ-ಸಾನ್ ತಾವೇ ಬಂದರು. ಬಾಗಿಲಲ್ಲಿ ಬೂಟು ಬಿಚ್ಚಿ, ಬಗ್ಗಿ, ಮೊದಲು ಹೇಳಿದ್ದು ಇಷ್ಟು: “ನೀವು ಹೇಳಿದಂತೆ ಕಣ್ಣು ತೋರಿಸಿಕೊಂಡು ಬಂದೆ. ದೋಷವೇನೂ ಇಲ್ಲ ಎಂದರು.”

ಆಮೇಲೆ ಕಿಟಕಿಯ ಪಕ್ಕದ ಮೇಜಿನ ಮೇಲೆ ಚೀಟಿಗಳನ್ನು ಸಾಲಾಗಿ ಜೋಡಿಸಿದರು. ಡಿಸೆಂಬರಿನಿಂದ ಮೇವರೆಗೆ ಹನ್ನೊಂದು, ತಾರೀಖಿನ ಪ್ರಕಾರ. ಕೈ ಮಡಿಲಲ್ಲಿಟ್ಟುಕೊಂಡು ಕುಳಿತರು.

ಮಧುಕರನಿಗೆ ಹನ್ನೊಂದೂ ಒಂದೇ ಬಣ್ಣ. ಅದನ್ನು ಹೇಳಲು ಬಾಯಿ ತೆರೆದವನು, ಚಹಾ ತಂದ ಹಂಸಾ ಟ್ರೇ ಹಿಡಿದು ಹಾಗೇ ನಿಂತದ್ದನ್ನು ಕಂಡ.

“ಏನೇ?”

“ಏನಿಲ್ಲ.”

“ಹೇಳು. ಏನ್ ಕಾಣ್ತಿದೆ ನಿಂಗೆ?”

“ಮೊದಲನೇದು ಹಸಿರು ರೀ. ಆಮೇಲೆ, ಆಮೇಲೆ...” ಅವಳು ಟ್ರೇಯನ್ನು ನೆಲದ ಮೇಲಿಟ್ಟಳು. “ಕೊನೇದು ಇಟ್ಟಿಗೆ ಥರ ಇದೆ.”

“ಜೋಕ್ ಮಾಡ್ಬೇಡ.”

“ದೇವರಾಣೆ.”

ತಿಂಗಳು ತಿಂಗಳೂ ತನ್ನ ಕಣ್ಣು ಎಷ್ಟೆಷ್ಟು ಹೋಯಿತು ಎಂಬುದನ್ನು ಅವನೇ ಬಳಿದು, ತಾರೀಖು ಹಾಕಿ, ಅಂಚೆಗೆ ಹಾಕಿದ್ದ. ಹಂಸಾಳಿಗೆ ಕನ್ನಡದಲ್ಲಿ ಎಲ್ಲವನ್ನೂ ಹೇಳಿದ, ಡ್ರಾಯರಿನಲ್ಲಿದ್ದ ಕಾಗದವನ್ನೂ ತೆಗೆದು ಕೊಟ್ಟ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಮಾತು ಅರ್ಥವಾಗದ ಇಶಿವಾತಾರಿ-ಸಾನ್ ಚೀಟಿಗಳನ್ನು ಒಂದರ ಮೇಲೊಂದು ಇಟ್ಟು, ರಬ್ಬರ್ ಬ್ಯಾಂಡ್ ಹಾಕಿ, “ಡಾಕ್ಟರಿಗೆ ತೋರಿಸಿ,” ಎಂದು ಅವಳ ಕೈಗೆ ಕೊಟ್ಟರು.

ಸೋಮವಾರ ಡಾಕ್ಟರು ಆ ಚೀಟಿಗಳನ್ನು ನೋಡಿ ಕಣ್ಣಿನ ವಿಭಾಗಕ್ಕೆ ಫೋನ್ ಮಾಡಿದರು. ಆ ಒಂದು ಮಾತ್ರೆಯನ್ನು ಅಂದೇ ನಿಲ್ಲಿಸಿ ಬೇರೆ ಬರೆದುಕೊಟ್ಟರು. ಕಣ್ಣಿನ ವಿಭಾಗದಲ್ಲಿ ಬಣ್ಣದ ಚುಕ್ಕಿಗಳೊಳಗೆ ಅಂಕಿ ಅಡಗಿರುವ ಹದಿನೈದು ಹಾಳೆಗಳನ್ನು ತೋರಿಸಿದರು. ಮಧುಕರ್ ಮೂರನ್ನು ಓದಿದ.

“ನಿಧಾನವಾಗಿ ಸರಿಹೋಗಬಹುದು,” ಎಂದರು ಕಣ್ಣಿನ ಡಾಕ್ಟರು. “ಹೋಗದೆಯೂ ಇರಬಹುದು. ಆರು ವಾರ ಬಿಟ್ಟು ಬನ್ನಿ.”

ಆ ಆರು ವಾರ ಹಂಸಾ ದೇವರ ಮುಂದೆ ಹೆಚ್ಚು ಹೊತ್ತು ಕೂರುತ್ತಿದ್ದಳು. ಏನು ಬೇಡಿಕೊಂಡೆ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ದಿನಕ್ಕೆ ಹತ್ತು ಸಲ ಅವನು ಕತ್ತು ಮುಟ್ಟಿ ನೋಡಿಕೊಳ್ಳುತ್ತಿದ್ದ. ಬಣ್ಣದ ಬಾಟಲಿಗಳನ್ನು ಮುಟ್ಟಲೇ ಇಲ್ಲ.

ಜೂನ್ ಕೊನೆಗೆ ಮತ್ತೆ ಅದೇ ಹಾಳೆಗಳು. ಡಾಕ್ಟರು ಪಟ್ಟಿಯಲ್ಲಿ ಗುರುತು ಹಾಕಿ ಮೊದಲ ಬಾರಿಗೆ ನಕ್ಕರು. “ಐದು! ಒಳ್ಳೆಯ ಸೂಚನೆ. ಮುಂದಿನ ಪರೀಕ್ಷೆ ಮೂರು ತಿಂಗಳು ಬಿಟ್ಟು ಸಾಕು.”

ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದ ಹಂಸಾಳಿಗೆ ವಿಷಯ ಹೇಳಿದಾಗ ಅವಳು ಎರಡೂ ಕೈಯಿಂದ ಅವನ ತೋಳು ಹಿಡಿದಳು. “ಐದಾ? ನಿಜವಾಗ್ಲೂ? ನಾನ್ ಹೇಳ್ಲಿಲ್ವಾ!”

ಮಧುಕರ್ ಕುಳಿತ. ನೆಲ ನೋಡಿದ.

“ಎರಡು ಅಂದಾಜಲ್ಲಿ ಹೇಳ್ದೆ,” ಎಂದ.

ಹಂಸಾಳ ಹಿಡಿತ ಸಡಿಲವಾಗಲಿಲ್ಲ. ಕೌಂಟರಿನಲ್ಲಿ ಯಾರದೋ ಹೆಸರು ಕೂಗಿದರು.

“ಮೂರು ತಿಂಗಳು ಬಿಟ್ಟು ಬಾ ಅಂದಿದ್ದು ಆ ಐದು ನೋಡಿ ಅಲ್ವಾ?” ಎಂದು ಕೇಳಿದಳು ಅವಳು.

“ಹೂಂ.”

“ಹಾಗಾದ್ರೆ ಹೋಗಿ ಹೇಳಿ.”

ಅವನು ಎದ್ದ. ಬಾಗಿಲು ತಟ್ಟಿ, ಅರ್ಧ ತೆರೆದು, “ಸುಮಿಮಾಸೆನ್, ಕ್ಷಮಿಸಿ,” ಎಂದ. “ಆ ಪಟ್ಟಿಯಲ್ಲಿ ಎರಡನ್ನು ಹೊಡೆದುಹಾಕಿ. ಈ ಸಲವೂ ಮೂರೇ.”