ಹಾಜರಿ ಪುಸ್ತಕದ ಮುಂದೆ ನಾನು ಹೇಳಿದ ಸುಳ್ಳು

ಸರ್, ವಿಚಾರಣೆಯ ದಿನ ನಾನು ಸುಳ್ಳು ಹೇಳಿದೆ. ತಿಳಿಯದೆ ಹೇಳಿದ್ದಲ್ಲ, ಹೆದರಿ ಹೇಳಿದ್ದೂ ಅಲ್ಲ. ಗೆಲ್ಲಬೇಕಿತ್ತು — ಹೇಳಿದೆ. ಚರ್ಚಾಸ್ಪರ್ಧೆಗಳಲ್ಲಿ ಶೀಲ್ಡು ಗೆದ್ದವನಿಗೆ ಈ ಒಂದು ವಾಕ್ಯ ಬಾಯಿಗೆ ಬರಲು ಆರು ವರ್ಷ ಹಿಡಿಯಿತು.

ಚಿತ್ರದುರ್ಗದ ನಮ್ಮ ಕಾಲೇಜಿಗೆ ನೀವು ಹದಿನೆಂಟು ವರ್ಷ ಪ್ರಿನ್ಸಿಪಾಲರು. ಕವಿಗಳು. ನಿಮ್ಮ ಪದ್ಯಗಳು ನನಗೆ ಆಗಲೂ ಅಷ್ಟಕ್ಕಷ್ಟೆ, ಈಗಲೂ ಅಷ್ಟಕ್ಕಷ್ಟೆ. ತಪ್ಪೊಪ್ಪಿಕೊಳ್ಳುವ ಭರದಲ್ಲಿ ಅವನ್ನು ಹೊಗಳಿದರೆ ಅದು ಇನ್ನೊಂದು ಸುಳ್ಳು.

ಮುಕ್ಕಾಲು ಪಾಲು ಹಾಜರಿ ಇಲ್ಲದವರನ್ನು ಪರೀಕ್ಷೆಗೆ ಕೂರಿಸುವಂತಿರಲಿಲ್ಲ. ಕುರಿ ಸಾಕುವ ಮನೆಯವರು ನಾವು, ಸುಗ್ಗಿ ಮುಗಿದ ಮೇಲೆ ಮಂದೆಯ ಹಿಂದೆ ಹೊರಟರೆ ಎರಡು ತಿಂಗಳು ಊರು ಸೇರುವುದಿಲ್ಲ. ಬಿ.ಎ. ಎರಡನೇ ವರ್ಷದಲ್ಲಿ ನಮ್ಮೂರು ಮಾಡದಕೆರೆಯಿಂದ ನಾನೂ ಹಾಗೆ ಹೋಗಿದ್ದೆ. ಮರಳಿದಾಗ ನೀವು ಬೈಯಲಿಲ್ಲ. ಪ್ರತಿ ಭಾನುವಾರ ಮನೆಗೆ ಕರೆದು ತಪ್ಪಿದ ಪಾಠ ಹೇಳಿಕೊಟ್ಟಿರಿ. ನಾನು ತಿರುಗಿ ಒಪ್ಪಿಸಿದ ಮೇಲೆಯೇ ನಿಮ್ಮ ಕನ್ನಡ ತರಗತಿಯ ಪುಸ್ತಕದಲ್ಲಿ ಹಾಜರಿ ಹಾಕಿದಿರಿ. ತಡವರಿಸಿದರೆ, "ಕಣ್ಮುಂದೆ ಕುಂತಿದ್ರೂ ನೀನಿವತ್ತು ಗೈರುಹಾಜರಿ ಕಣಪ್ಪ. ಮುಂದಿನ ವಾರ ಬಾ."

ಮರುವರ್ಷ ಹಿರೇಗುಂಟನೂರಿನ ತಿಪ್ಪಮ್ಮನಿಗೂ ಇನ್ನೂ ಮೂವರಿಗೂ ಹೀಗೆಯೇ ಮಾಡಿದಿರಿ. ಬಾರದವರಿಗೆ ಸುಳ್ಳು ಹಾಜರಿ ಹಾಕಿದ್ದಾರೆಂದು ಯಾರೋ ಆಡಳಿತ ಮಂಡಳಿಗೆ ದೂರು ಕೊಟ್ಟರು. ವಿಚಾರಣೆಯಲ್ಲಿ ವಿದ್ಯಾರ್ಥಿಗಳ ಪರವಾಗಿ ಮಾತಾಡಲು ನನ್ನನ್ನು ಕರೆದರು. ಚರ್ಚಾಸಂಘದ ಕಾರ್ಯದರ್ಶಿ ನಾನೇ ತಾನೆ. ಮೇಜಿನ ಮೇಲಿದ್ದದ್ದು ಆ ವರ್ಷದ ಪುಸ್ತಕ. ನನ್ನ ಹೆಸರಿದ್ದ ಹಿಂದಿನ ವರ್ಷದ್ದನ್ನು ಯಾರೂ ಬೀರುವಿನಿಂದ ತೆಗೆದಿರಲಿಲ್ಲ.

ಮನೆಯಲ್ಲಿ ಪಾಠ ಹೇಳಿದ್ದೇನೆ ಎಂದಿರಿ ನೀವು. ಕಲಿತೆವು ಎಂದರು ಆ ನಾಲ್ವರು. ಲಾಭ ಪಡೆದವರ ಸಾಕ್ಷಿ ಸಾಕ್ಷಿಯೇ ಅಲ್ಲ ಎಂದೆ ನಾನು. ಕೊನೆಗೆ ಗತ್ತಿನಿಂದ, "ಪ್ರಿನ್ಸಿಪಾಲರ ಕಲ್ಪನೆ ಪದ್ಯದಲ್ಲಿರಲಿ, ಹಾಜರಿ ಪುಸ್ತಕದಲ್ಲಿ ಬೇಡ." ಮಂಡಳಿಯವರು ನಕ್ಕರು. ಆ ನಗು ನನಗೆ — ಥೂ — ಹಿತವಾಗಿತ್ತು.

ಅಧ್ಯಕ್ಷರು ಕೇಳಿದರು: "ಅದಿರ್ಲಪ್ಪ. ಇವರು ಮನೇಲಿ ಪಾಠ ಹೇಳೋದು ನಿನಗೇನಾದ್ರೂ ಗೊತ್ತೈತಾ?"

"ಗೊತ್ತಿಲ್ಲ ಸಾರ್."

ನೀವು ನನ್ನನ್ನೇ ನೋಡುತ್ತಿದ್ದಿರಿ.

ವರಾಂಡದಲ್ಲಿ ತಿಪ್ಪಮ್ಮ ತಡೆದಳು. "ಮೊದಲ್ನೇ ಭಾನ್ವಾರ ಸಾರ್ ಮನಿ ದಾರಿ ತೋರ್ಸಿದ್ದು ನೀನೇ ಅಲ್ಲೇನಣ್ಣ? ನಿನ್ ಹೆಸ್ರು ಎತ್ತಬ್ಯಾಡ ಅಂತ ಸಾರ್ ಮೊದ್ಲೇ ಹೇಳಿದ್ರು. ಇಲ್ದಿದ್ರೆ ನೋಡ್ತಿದ್ದೆ ನಿನ್ ವಾದಾನ."

ಹಿಂದೆಯೇ ನೀವು ಬಂದಿರಿ. "ಚೆನ್ನಾಗಿ ಮಾತಾಡ್ದೆ ಕಣಪ್ಪ. ಆ ಪದ್ಯದ ಮಾತು ಮೊದ್ಲೇ ಬರ್ಬೇಕಿತ್ತು. ಕಡೇಲಿ ನಗಿಸಿದ್ರೆ ವಾದ ಹಗುರಾಗ್ತೈತೆ."

ಹೊಡೆದಿದ್ದರೆ ಮರೆಯುತ್ತಿದ್ದೆನೇನೋ.

ವಾರದೊಳಗೆ ನಿಮ್ಮನ್ನು ಹುದ್ದೆಯಿಂದ ಇಳಿಸಿದರು. ನಾಲ್ವರನ್ನೂ ಪರೀಕ್ಷೆಗೆ ಕೂರಿಸಲಿಲ್ಲ. ತಿಪ್ಪಮ್ಮ ಮತ್ತೆ ಕಾಲೇಜಿಗೆ ಬರಲಿಲ್ಲ. ನನ್ನ ಮಾತು ಊರೆಲ್ಲ ಸುತ್ತಿತು. ಹಿರಿಯೂರಿನ ಕವಿಗೋಷ್ಠಿಯಲ್ಲಿ ನೀವು ಓದಲು ಎದ್ದಾಗ ಹಿಂದಿನಿಂದ ಒಬ್ಬ "ಹಾಜರ್ ಸಾರ್" ಎಂದ. ನೀವು ಹಾಳೆ ಮಡಚಿ ಕುಳಿತಿರಿ. ಕೂಗಿದವನ ಪಕ್ಕದಲ್ಲೇ ನಾನಿದ್ದೆ. ಅವನ ಕೊರಳಪಟ್ಟಿ ಹಿಡಿಯಲಿಲ್ಲ.

ನಿಮ್ಮ ಮೇಲೂ ಸಿಟ್ಟಿದೆ, ಸರ್. ನನ್ನನ್ನು ಉಳಿಸಲು ಅವಳ ಬಾಯಿ ಏಕೆ ಕಟ್ಟಿದಿರಿ? ಅದನ್ನು ದೊಡ್ಡತನ ಎನ್ನುವುದಾದರೆ ಅದಕ್ಕೆ ತನ್ನ ಓದನ್ನು ತೆತ್ತವಳು ತಿಪ್ಪಮ್ಮ. ನೋಡಿ — ಮತ್ತೆ ವಾದಕ್ಕಿಳಿದೆ. ಇದರಲ್ಲೂ ಗೆಲ್ಲಬಲ್ಲೆ. ಆದರೆ ಗೊತ್ತಿಲ್ಲ ಎಂದ ನಾಲಿಗೆ ನನ್ನದು.

ನೀವು ಹಾಕಿದ ಹಾಜರಿಯಿಂದ ಬಂದ ಡಿಗ್ರಿಯ ಮೇಲೆಯೇ ಇಂದು ಹೊಳಲ್ಕೆರೆಯಲ್ಲಿ ಮೇಷ್ಟ್ರಾಗಿದ್ದೇನೆ. ಈ ಬೆಳಿಗ್ಗೆ ಮಂಡಳಿಗೆ ಎಲ್ಲವನ್ನೂ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಹಿಂದಿನ ವರ್ಷದ ಪುಸ್ತಕ ತೆಗೆಸಿ ನನ್ನ ಹೆಸರು ನೋಡಿ ಎಂದಿದ್ದೇನೆ. ಒಂದು ಪ್ರತಿ ತಿಪ್ಪಮ್ಮನಿಗೆ ಹೋಗಿದೆ. ಡಿಗ್ರಿ ಹೋದರೆ ಕೆಲಸವೂ ಹೋಗುತ್ತದೆ. ಹೋಗಲಿ. ಮಂಡಳಿಯವರು ಹೊಸದುರ್ಗಕ್ಕೆ, ನಿಮ್ಮ ಮನೆಗೆ, ಕೇಳಿಕೊಂಡು ಬರಬಹುದು. ದಯವಿಟ್ಟು ನನ್ನನ್ನು ಕಾಪಾಡಬೇಡಿ.

ಈ ಸಲ ಹೆಸರು ಹೇಳಿ, ಸರ್.