ಒಣಬಾವಿಗೆ ಉಡಿ ತುಂಬಿದ್ದು

ಮೊನ್ನೆ ಮೊಮ್ಮಗಳ ಕೈಜಾರಿ ಚೊಂಬು ನೀರಿನ ತೊಟ್ಟಿಗೆ ಬಿತ್ತು. ಗುಡುಂಬ್ ಎಂದಿತು, ಅಷ್ಟೇ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅಡುಗೆಮನೆಗೆ ಹೋಗುತ್ತೇನೆ, ಏಕೆ ಬಂದೆನೆಂದು ಮರೆಯುತ್ತೇನೆ, ಮತ್ತೆ ತೊಟ್ಟಿಯ ಹತ್ತಿರ ಬಂದು ನಿಲ್ಲುತ್ತೇನೆ. ನಾನು ಒಂಬತ್ತು ವರ್ಷದವಳಿದ್ದಾಗ, ನಮ್ಮೂರು ಸಗರದಲ್ಲಿ, ಶರಣಮ್ಮತ್ತಿಯ ಬಾವಿಯಲ್ಲಿ ಇಂಥದೇ ಸಪ್ಪಳ ಕೇಳಿದ್ದೆ. ಕೇಳಿಯೂ ಕೇಳಿಲ್ಲವೆಂದಿದ್ದೆ.

ಶರಣಮ್ಮತ್ತಿ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದವಳಿಗೆ ಅಜ್ಜ ಒಂದು ತುಂಡು ಹೊಲವನ್ನೂ ಅದರಲ್ಲಿದ್ದ ಮೆಟ್ಟಿಲುಬಾವಿಯನ್ನೂ ಕೊಟ್ಟಿದ್ದ. ನಮ್ಮ ಹೊಲಕ್ಕೂ ಅವಳ ಹೊಲಕ್ಕೂ ನಡುವೆ ಒಂದು ಬದು ಮಾತ್ರ. ಊರಬಾವಿಯ ನೀರು ಸವಳು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಅತ್ತಿಯ ಬಾವಿಯದು ಸಿಹಿ. ತಣ್ಣನೆಯ ಕಲ್ಲಿನ ವಾಸನೆಯಿದ್ದ ಆ ನೀರಿಗಾಗಿ ಓಣಿಯ ಹೆಂಗಸರೆಲ್ಲ ಮುಂಜಾನೆಯೇ ಕೊಡ ಹೊತ್ತು ಬರುತ್ತಿದ್ದರು. ನೀರಿನ ಜೊತೆ ಅತ್ತಿಯ ಬೈಗುಳವೂ ಪುಕ್ಕಟೆ. "ಬಾವಿಕಟ್ಟಿ ಮ್ಯಾಲ ಕಾಲು ತೊಳಿಬ್ಯಾಡ್ರೇ, ಒಳಗ ಗಂಗಮ್ಮ ಇದ್ದಾಳ!" ಗಂಡನಿಲ್ಲದ, ಮಕ್ಕಳಿಲ್ಲದ ಆಕೆಗೆ ಊರಲ್ಲಿ ಇದ್ದ ಮಾನವೆಲ್ಲ ಆ ನೀರಿನಿಂದಲೇ ಬಂದದ್ದು.

ಅವು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಅಪ್ಪ ಶಹಾಪುರದ ಕಚೇರಿಗೆ ತಿರುಗಿ ತಿರುಗಿ, ಉರ್ದುವಿನಲ್ಲಿ ಬರೆದ ಪರವಾನಗಿ ತಂದು, ನಮ್ಮ ಬಾವಿಯ ತಳದ ಬಂಡೆಗೆ ಮದ್ದು ಇಡಿಸಿದ. ಬಂಡೆ ಸೀಳಿ ನೀರು ಉಕ್ಕಿತು. ಅಪ್ಪನ ಸಂಭ್ರಮ ಹೇಳತೀರದು! ಉಳ್ಳಾಗಡ್ಡಿ ಹಚ್ಚಿದ. ಎತ್ತು ಹೂಡಿ, ತೊಗಲಿನ ಚೀಲದಲ್ಲಿ ಇಡೀ ದಿನ ನೀರೆತ್ತಿದ. ಹಗ್ಗ ಎಳೆಯುವ ಗಡಗಡಿಯ ಕಿರುಗುಟ್ಟುವಿಕೆ ನಿಲ್ಲುತ್ತಲೇ ಇರಲಿಲ್ಲ. ತಿಂಗಳೊಳಗೆ ಅತ್ತಿಯ ಬಾವಿ ಬತ್ತಿಹೋಯಿತು.

"ತಮ್ಮಾ, ನನ್ನ ನೀರು ನಿನ್ನ ಬಾವ್ಯಾಗ ಹೊಂಟದ," ಎಂದಳು ಅತ್ತಿ.

"ನನ್ನ ಹೊಲದಾಗ ನಾ ತೋಡೀನಿ. ನಿನ್ನ ಬದು ದಾಟೀನೇನಕ್ಕಾ?"

"ಬದು ಮ್ಯಾಲ ನಡಿಯೋರಿಗೆ. ಕೆಳಗ ಇರೂದು ಒಂದಽ ಹರವಿ, ದೊಡ್ಡ ಕೊಡ ಇದ್ದಂಗ. ಮಳಿನೀರು ಮಣ್ಣು ದಾಟಿ, ಗರಸು ದಾಟಿ, ಕಲ್ಲಿನ ಸೀಳಿನ್ಯಾಗ ವರ್ಷಗಟ್ಟಲೆ ನಡಕೊಂತ ಬಂದು ಅದರಾಗ ಕೂಡ್ತದ. ನಿನ್ನ ಬಾವಿ, ನನ್ನ ಬಾವಿ ಅದಕ್ಕ ಎರಡು ಬಾಯಿ."

ಕಡೆಗೆ ಒಂದು ಕರಾರಾಯಿತು. ಮೂರು ದಿನ ಅಪ್ಪ ಎತ್ತು ಹೂಡಬಾರದು. ಅತ್ತಿಯ ಬಾವಿಗೆ ನೀರು ಬಂದರೆ ಮುಂದೆ ದಿನ ಬಿಟ್ಟು ದಿನ ಎತ್ತಬೇಕು; ಬರದಿದ್ದರೆ ಅತ್ತಿ ಮಾತೆತ್ತಬಾರದು. ಬಾವಿಯ ತಳ ಕತ್ತಲು, ಮೇಲಿಂದ ಕಾಣದು. ಅತ್ತಿಗೋ ಮೊಣಕಾಲು ನೋವು. "ನೀ ಇಳಿದು ನೋಡವ್ವಾ. ನೀ ಅಂದದ್ದಽ ಖರೆ," ಎಂದಳು ನನಗೆ. ಅಪ್ಪನೂ ಒಪ್ಪಿದ.

ಮೂರು ದಿನ ಕಳೆದ ಮರುಮುಂಜಾನೆ ಲಂಗ ಎತ್ತಿ ಕಟ್ಟಿ ಇಳಿದೆ. ಕೊನೆಯ ಮೆಟ್ಟಿಲು ದಾಟಿದರೆ, ಯವ್ವಾ, ಮೊಣಕಾಲುದ್ದ ನೀರು! ಕುಣಿಯಬೇಕೆನಿಸಿತು. ಖುಷಿಯಿಂದಲೇ ಅತ್ತಿ ಕೂತಿದ್ದ ಕಟ್ಟೆಗೆ ಓಡಿ ಬಂದೆ. ಬಂದರೆ ಬದುವಿನಾಚೆ ಅಪ್ಪ ಉಳ್ಳಾಗಡ್ಡಿ ಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಬಾಡಿ ಮಲಗಿದ ಎಲೆಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಲು ನೋಡುತ್ತಿದ್ದ. ಅವು ಮತ್ತೆ ಮಲಗುತ್ತಿದ್ದವು. ಹಿಂದಿನ ರಾತ್ರಿ ಅವನು ಉಂಡಿರಲಿಲ್ಲ. ಆ ಮುಖ ನೋಡಿ, ಒದ್ದೆ ಕಾಲಿನ ಮೇಲೆ ಲಂಗ ಇಳಿಬಿಟ್ಟೆ. "ಇಲ್ಲ, ಒಣಾನೇ ಅದ," ಎಂದುಬಿಟ್ಟೆ. ಅಪ್ಪ ಎದ್ದವನೇ ಎತ್ತುಗಳ ಕಡೆ ಓಡಿದ.

ಅತ್ತಿ ಎದ್ದಳು. ಮನೆಗೆ ಹೋಗಿ ಅಕ್ಕಿ, ತೆಂಗಿನಕಾಯಿ, ಹಸಿರು ಕುಬಸದ ಕಣ ತಂದಳು. ಸತ್ತ ಬಾವಿಯನ್ನು ಬರಿದಾಗಿ ಬಿಡಬಾರದು, ಹೆಣ್ಣುಮಗಳನ್ನು ಕಳಿಸುವ ಹಾಗೆ ಉಡಿ ತುಂಬಿ ಕಳಿಸಬೇಕು ಎಂಬುದು ಆಕೆಯ ನಂಬಿಕೆ. ಗಂಡ ಸತ್ತವಳು ಉಡಿ ತುಂಬುವಂತಿಲ್ಲ. ಹಾಗಾಗಿ, "ನಿನ್ನ ಕೈಯಿಂದ ಬಿಡು," ಎಂದಳು. ನೀರಿನ ಸಪ್ಪಳ ಆಗದಿರಲಿ, ಕೊನೆಯ ಮೆಟ್ಟಿಲಿನ ಕಲ್ಲಿನ ಮೇಲಾದರೂ ಬೀಳಲಿ ಎಂದು ಕತ್ತಲಲ್ಲೇ ಅಂದಾಜು ಮಾಡಿ ತೆಂಗಿನಕಾಯಿ ಬಿಟ್ಟೆ.

ಗುಡುಂಬ್.

ಅತ್ತಿ ನನ್ನ ಕಡೆ ತಿರುಗಿದಳು. "ಏನೋ ಸಪ್ಪಳ ಆತಲ್ಲವ್ವಾ?"

"ನನಗ ಕೇಳಲಿಲ್ಲತ್ತೀ."

ಅಷ್ಟರಲ್ಲಿ ನಮ್ಮ ಬಾವಿಯ ಗಡಗಡಿ ಕಿರುಗುಟ್ಟಿತು. ಅತ್ತಿ ಬದುವಿನಾಚೆ ತಮ್ಮನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ಹೋಗು, ನಿಮ್ಮಪ್ಪಗ ಬುತ್ತಿ ಒಯ್ಯಿ," ಎಂದಳು. ಆ ಸಪ್ಪಳದ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಎರಡು ದಿನ ಬಿಟ್ಟು ಇಳಿದು ನೋಡಿದೆ. ತೆಂಗಿನಕಾಯಿ ಒಣಕಲ್ಲಿನ ಮೇಲೆ ಕೂತಿತ್ತು.

ಬೈಸಿಕೊಳ್ಳಲು ಯಾರೂ ಬಾರದ ಕಟ್ಟೆಯ ಮೇಲೆ ಅತ್ತಿ ಸಾಯುವವರೆಗೂ ಮುಂಜಾನೆ ಬಂದು ಕೂತು ಹೋಗುತ್ತಿದ್ದಳು. ಉಳ್ಳಾಗಡ್ಡಿ ಆ ವರ್ಷ ಚೆನ್ನಾಗಿಯೇ ಬಂತು. ಆಮೇಲೆ ನಮ್ಮ ಬಾವಿಯೂ ಬತ್ತಿತು. ಈಗ ಅಲ್ಲಿ ಬೋರು ಹಾಕುತ್ತಾರೆ, ಬರೀ ದೂಳು ಬರುತ್ತದಂತೆ. ಅಪ್ಪನಿಗೆ ನಾನು ಕಡೆಯವರೆಗೂ ಹೇಳಲಿಲ್ಲ. ತೊಟ್ಟಿಯ ಬಳಿ ನಿಂತ ನನ್ನನ್ನು ನೋಡಿ ಮೊಮ್ಮಗಳು, "ಯಾರ ಜೋಡಿ ಮಾತಾಡಾಕತ್ತೀದಿ ಆಯಿ?" ಎಂದು ಕೇಳುತ್ತಾಳೆ.

ನೀರಿತ್ತು ಅತ್ತೀ. ಮೊಣಕಾಲುದ್ದ ಇತ್ತು.