ಒಂದು ಕಿವಿಯ ಸ್ಟೀರಿಯೊ ಮೆಕ್ಯಾನಿಕ್

ಅಕ್ಟೋಬರ್ ತಿಂಗಳ ಶನಿವಾರ, ಬೆಳಗಿನ ಏಳು ಗಂಟೆ. ನಾರ್ವೆಯ ಡ್ರಾಮೆನ್ ಊರಿಗೆ ಬೆಳಕು ಇನ್ನೂ ಸರಿಯಾಗಿ ಇಳಿದಿಲ್ಲ. ಶಾಲೆಯ ವ್ಯಾಯಾಮದ ಹಾಲ್ ಎದುರಿನ ಜನರ ಸಾಲು ಮಾತ್ರ ಆಗಲೇ ರಸ್ತೆ ಮುಟ್ಟಿದೆ. ಮಕ್ಕಳ ಬ್ಯಾಂಡಿಗೆ ಹಣ ಕೂಡಿಸಲು ಪೋಷಕರು ನಡೆಸುವ ಹಳೆ ಸಾಮಾನಿನ ಸಂತೆ ಇದು. ಸಾಲಿನಲ್ಲಿ ಮೂರನೆಯವರಾಗಿ ನಿಂತಿರುವವರು ಯೂರುನ್ ಬ್ರೋತನ್. ಅರವತ್ತೆಂಟು ವಯಸ್ಸಿನ ಮಹಿಳೆ. ತಲೆಗೆ ಉಣ್ಣೆ ಟೋಪಿ, ಕೈಯಲ್ಲಿ ಟಾರ್ಚು, ಪಕ್ಕದಲ್ಲೊಂದು ತಳ್ಳುಗಾಡಿ.

ಒಂಬತ್ತಕ್ಕೆ ಬಾಗಿಲು ತೆರೆದದ್ದೇ ಜನ ಕುರ್ಚಿ, ಮೇಜುಗಳ ಕಡೆ ನುಗ್ಗುತ್ತಾರೆ. ಯೂರುನ್ ಮಾತ್ರ ನೇರ ಹೋಗುವುದು ಹಿಂದಿನ ಮೂಲೆಗೆ, ಟೋಸ್ಟರು, ದೀಪಗಳ ರಾಶಿಯ ಬಳಿಗೆ. ಅಲ್ಲಿ ಮರದ ಚೌಕಟ್ಟಿನ ಹಳೆಯದೊಂದು ಸ್ಟೀರಿಯೊ ರಿಸೀವರ್ ಕೂತಿದೆ. ರೇಡಿಯೊ, ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದ ಎಪ್ಪತ್ತರ ದಶಕದ ಮಾಲು. ಅವರು ಗುಂಡಿ ತಿರುಗಿಸಿ ನೋಡುವುದಿಲ್ಲ. ಮೊದಲು ಬಗ್ಗಿ ಮೇಲಿನ ಜಾಲರಿಗೆ ಮೂಗು ತಾಗಿಸಿ ಮೂಸುತ್ತಾರೆ. ಆಮೇಲೆ ಟಾರ್ಚು ಬಿಟ್ಟು ತಳದ ಸ್ಕ್ರೂಗಳನ್ನು ಒಂದೊಂದಾಗಿ ನೋಡುತ್ತಾರೆ.

"ಸುಟ್ಟ ವಾಸನೆ ಇಲ್ಲ. ಸ್ಕ್ರೂ ತಲೆ ಕೆರೆದಿಲ್ಲ, ಅಂದ್ರೆ ಯಾವ ಜಾಣನೂ ಒಳಗೆ ಕೈ ಹಾಕಿಲ್ಲ" ಎನ್ನುತ್ತಾ ಪೆಟ್ಟಿಗೆಯನ್ನು ಎದೆಗೆ ಆನಿಸಿಕೊಂಡು ಎತ್ತುತ್ತಾರೆ.

ಮಾರಾಟಕ್ಕೆ ನಿಂತಿದ್ದ ಪೋಷಕ ವೀದಾರ್ ಗಾಬರಿಯಾಗುತ್ತಾರೆ. "ಏ ಯೂರುನ್, ಇಪ್ಪತ್ತು ಕಿಲೋ ಮೇಲಿದೆ ಅದು! ಬೆನ್ನು ಮುರ್ಕೋತೀಯ."

"ಬೆನ್ನು ನಂದು, ಚಿಂತೆ ನಿಂಗ್ಯಾಕೆ? ಬಾಗಿಲು ಹಿಡ್ಕೋ ಸಾಕು."

ಹದಿನೇಳನೇ ವಯಸ್ಸಿಗೆ ರೇಡಿಯೊ ಕಾರ್ಖಾನೆ ಸೇರಿದವರು ಯೂರುನ್. ಬೆಸುಗೆ ಹಾಕುವ ಬೆಂಚಿನಲ್ಲಿ ಶುರುಮಾಡಿ, ಸಿದ್ಧವಾದ ಸೆಟ್ಟುಗಳನ್ನು ಪರೀಕ್ಷಿಸುವ ಮೇಜಿನವರೆಗೆ ಬಂದರು. ಆರು ವರ್ಷಕ್ಕೆ ಕಾರ್ಖಾನೆ ಮುಚ್ಚಿತು. ಜೊತೆಯ ಗಂಡಸರು ಟೆಕ್ನಿಷಿಯನ್ ಎಂದು ಬೋರ್ಡು ಹಾಕಿಕೊಂಡು ಅಂಗಡಿ ತೆರೆದರು. ಅಂಥ ನಾಲ್ಕು ಅಂಗಡಿಗಳಲ್ಲಿ ಇವರು ಕೆಲಸ ಕೇಳಿದರು. "ಕೌಂಟರಲ್ಲಿ ನಿಂತ್ಕೋ, ಕಾಫಿ ಮಾಡು ಅಂದ್ರು. ನಾನು ಬರ್ತೀನಿ ಅಂತ ಹೇಳಿ ಆಚೆ ಬಂದೆ, ಹೋಗ್ಲೇ ಇಲ್ಲ" ಎಂದು ನಗುತ್ತಾರೆ. ಮುಂದೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೆಂಟು ವರ್ಷ ದುಡಿದರು. ಸಂಜೆಯಾದರೆ ನೆರೆಹೊರೆಯವರ ಸೆಟ್ಟುಗಳು. ಬೆಸುಗೆಯ ಕಡ್ಡಿಯನ್ನು ಮಾತ್ರ ಎಂದೂ ಕೆಳಗಿಡಲಿಲ್ಲ.

೨೦೧೭ರಲ್ಲಿ ನಾರ್ವೆ ತನ್ನ ರಾಷ್ಟ್ರೀಯ ರೇಡಿಯೊವನ್ನು ಎಫ್‌ಎಮ್‌ನಿಂದ ಡಿಜಿಟಲ್‌ಗೆ ಬದಲಿಸಿತು. ಹಳೆ ರಿಸೀವರುಗಳಲ್ಲಿ ಬರೀ ಸುಯ್ ಎನ್ನುವ ಸದ್ದು. ಜನ ಅವನ್ನು ಕಸದ ಕೇಂದ್ರಕ್ಕೆ ಸಾಗಿಸತೊಡಗಿದರು. ಯೂರುನ್ ದಾರಿಯಲ್ಲೇ ತಡೆದು ಕೊಂಡುಕೊಂಡರು. ತಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಸೈಕಲ್ ನಿಲ್ಲಿಸುವ ಕೋಣೆಯನ್ನು ಬಾಡಿಗೆಗೆ ಹಿಡಿದು, ಹಳೆ ಪೆಟ್ಟಿಗೆಯೊಳಗೆ ಅಂಗೈಯಗಲದ ಡಿಜಿಟಲ್ ರೇಡಿಯೊ ಕೂರಿಸುವುದನ್ನು ಕಲಿತರು. ಮುಂದಿನ ಗುಂಡಿ ಅದೇ, ಗಾಜಿನ ಹಿಂದಿನ ಹಸಿರು ಬೆಳಕೂ ಅದೇ. ತಿರುಗಿಸಿದರೆ ಇವತ್ತಿನ ವಾರ್ತೆ ಬರುತ್ತದೆ. ಒಂದು ಸೆಟ್ಟಿಗೆ ಅರವತ್ತರಿಂದ ಎಂಬತ್ತು ಹೊಸ ಕೆಪಾಸಿಟರ್, ಸುಮಾರು ಒಂಬತ್ತು ದಿನದ ಕೆಲಸ. ಇಲ್ಲಿಯವರೆಗೆ ಇನ್ನೂರ ಹನ್ನೊಂದು ಸೆಟ್ಟು ಈ ಕೋಣೆಯಿಂದ ಹೊರಗೆ ಹೋಗಿವೆ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದ್ದಾಗ ಅವರ ಎಡಗಿವಿ ಕೇಳಿಸುತ್ತಿರಲಿಲ್ಲ. ಅಡುಗೆಮನೆಯ ನಲ್ಲಿ ತಪ್ಪು ದಿಕ್ಕಿನಿಂದ ಸುರಿದಂತೆ ಅನ್ನಿಸಿತು. ಔಷಧ ಕೊಟ್ಟರು, ಕಾದರು, ಕಿವಿ ವಾಪಸ್ಸು ಬರಲಿಲ್ಲ. ಸ್ಟೀರಿಯೊ ಎಂದರೆ ಎಡ ಬಲ ಎರಡೂ ಸರಿಸಮ ಇರಬೇಕು. ಅದನ್ನು ತೂಗುವ ತಕ್ಕಡಿಯೇ ಹೋದಂತಾಯಿತು. ಐದು ವಾರ ನೆಲಮಾಳಿಗೆಯ ಬೀಗ ತೆಗೆಯಲಿಲ್ಲ.

"ಆರನೇ ವಾರ ಕೂತು ಯೋಚನೆ ಮಾಡ್ದೆ. ಕಾರ್ಖಾನೆಯಲ್ಲಿ ಆ ಗಲಾಟೆಯೊಳಗೆ ಕಿವಿಯಿಂದ ಯಾರು ಕೇಳ್ತಿದ್ರು? ಮೀಟರಿನ ಮುಳ್ಳು ನೋಡ್ತಿದ್ವಿ. ಹಾಗಿದ್ಮೇಲೆ ಈಗ್ಯಾಕೆ ಅಳ್ತಾ ಕೂರ್ಲಿ?"

ಅವರು ಕಂಡುಕೊಂಡ ಉಪಾಯ ಸರಳ. ಎರಡೂ ಬದಿಗೆ ಒಂದೇ ಹಾಡು ಕಳಿಸಿ, ಎರಡರ ನಡುವೆ ಒಂದೇ ಸ್ಪೀಕರ್ ಜೋಡಿಸುತ್ತಾರೆ. ಎಡ ಬಲ ಸಮವಾಗಿದ್ದರೆ ಒಂದನ್ನೊಂದು ಅಳಿಸಿಹಾಕಿ ಏನೂ ಕೇಳಿಸಬಾರದು. ಕೇಳಿಸಿದರೆ ಆ ಕೇಳಿಸಿದ್ದಷ್ಟೂ ತಪ್ಪು. ಯೂರುನ್ ಬಲಗಿವಿಯನ್ನು ಸ್ಪೀಕರಿಗೆ ಒತ್ತಿ ಮೌನಕ್ಕಾಗಿ ಕಾಯುತ್ತಾರೆ.

ಕಿವಿ ಹೋದ ಸುದ್ದಿ ಊರಲ್ಲಿ ಹರಡಿತ್ತು. ಗಿರಾಕಿಗಳು ಕಮ್ಮಿಯಾದರು. ಆಗ ಬಂದವರು ಓಡ್ವರ್ ಲಿಯೆನ್, ಐವತ್ತು ವರ್ಷ ಪಿಯಾನೊಗಳ ಸ್ವರ ಕೂಡಿಸಿದ ಮನುಷ್ಯ. ತಮ್ಮ ರಿಸೀವರನ್ನು ಮೇಜಿನ ಮೇಲಿಟ್ಟರೂ ಕೈ ಮಾತ್ರ ಅದರ ಮೇಲಿಂದ ತೆಗೆಯಲಿಲ್ಲ.

"ಒಂದು ಕಿವಿಯವಳು ಸ್ಟೀರಿಯೊ ಸರಿಮಾಡ್ತಾಳಂತೆ. ನಾನು ಒಂದು ಕೈಯಲ್ಲಿ ಚಪ್ಪಾಳೆ ಹೊಡೀಲಾ?"

"ಹೊಡಿ, ನೋಡೋಣ. ಇಲ್ಲಾಂದ್ರೆ ಕೈ ತೆಗಿ, ನಂಗೆ ಕೆಲ್ಸ ಇದೆ."

ಆ ಸೆಟ್ಟಿನಲ್ಲಿ ಎಲ್ಲ ಬದಲಾಯಿಸಿದ ಮೇಲೂ, ಸದ್ದು ಸಣ್ಣಗಿಟ್ಟಾಗ ಸ್ಪೀಕರಿನಲ್ಲಿ ಎಲ್ಲೋ ದೂರದಲ್ಲಿ ಗುನುಗಿದಂತೆ ಹಾಡು ಉಳಿಯುತ್ತಿತ್ತು. ವಾಲ್ಯೂಮ್ ಗುಂಡಿಯ ಒಳಗೆ ಎಡಬದಿ ಸವೆದು, ಎಡಗಡೆಯ ಸದ್ದು ತುಸು ಕುಗ್ಗಿತ್ತು. ಸದ್ದು ಜೋರು ಮಾಡಿದರೆ ಯಾರಿಗೂ ತಿಳಿಯುವಂಥದ್ದಲ್ಲ. ಯೂರುನ್ ಬಿಡಲಿಲ್ಲ. ಗುಜರಿ ಸೆಟ್ಟುಗಳಿಂದ ಎರಡು ಗುಂಡಿ ಕಿತ್ತು ಇದಕ್ಕೆ ಕೂರಿಸಿದರು, ಹೊಂದಲಿಲ್ಲ. ಮೂರನೆಯದಕ್ಕೆ ಸ್ಪೀಕರ್ ಮೌನವಾಯಿತು.

ಸೆಟ್ಟನ್ನು ಮನೆಗೆ ಒಯ್ದ ನಾಲ್ಕು ದಿನಕ್ಕೆ ಓಡ್ವರ್ ಮತ್ತೆ ಬಂದರು. ಕೈಯಲ್ಲಿ ಕಂದು ಚೀಸ್ ಹಚ್ಚಿದ ವಾಫಲುಗಳ ಡಬ್ಬಿ. ಬಾಗಿಲಲ್ಲೇ ನಿಂತರು.

"ಮಧ್ಯಾಹ್ನ ಹೆಂಡತಿ ಮಲಗಿರ್ತಾಳೆ, ಸಣ್ಣಗೆ ಹಾಕ್ಕೊಂಡು ಕೇಳ್ತೀನಿ. ಹತ್ತು ವರ್ಷದಿಂದ ನನ್ನ ಎಡಗಿವಿ ಮಂದ ಆಯ್ತು ಅಂದ್ಕೊಂಡು ಕುರ್ಚಿನ ಎಡಕ್ಕೆ ಎಳ್ಕೊಂಡು ಕೂರ್ತಿದ್ದೆ. ಯಾರಿಗೂ ಹೇಳಿರ್ಲಿಲ್ಲ. ಕಿವಿ ಹೋಯ್ತು ಅಂದ್ರೆ ಯಾರು ಪಿಯಾನೊ ಕೊಡ್ತಾರೆ?" ಎಂದರು. "ನಿನ್ನೆ ಕುರ್ಚಿ ಮಧ್ಯಕ್ಕೆ ತಂದೆ."

"ಮತ್ತೆ ಚಪ್ಪಾಳೆ?" ಯೂರುನ್ ಕೇಳಿದರು.

ಓಡ್ವರ್ ಡಬ್ಬಿಯನ್ನು ಕೆಳಗಿಟ್ಟು ಎರಡೂ ಕೈಯಿಂದ ಹೊಡೆದರು. ಆ ತಿಂಗಳು ಅವರೊಬ್ಬರೇ ಏಳು ಗಿರಾಕಿಗಳನ್ನು ಕಳಿಸಿದರು.

"ಎರಡು ಕಿವಿ ಇದ್ದಾಗ, ಇರ್ಲಿ ಬಿಡು, ಸಾಕು ಅಂತ ಎಷ್ಟೋ ಸಲ ಮುಚ್ಚಳ ಹಾಕ್ಬಿಡ್ತಿದ್ದೆ. ಈಗ ಹಾಕಲ್ಲ" ಎನ್ನುತ್ತಾರೆ ಯೂರುನ್. ನೆಲಮಾಳಿಗೆಯಲ್ಲಿ, ಬೆಳಿಗ್ಗೆ ತಂದ ಸೆಟ್ಟನ್ನು ಒರೆಸುತ್ತಲೇ ನನ್ನೊಡನೆ ಮಾತು. ಪಕ್ಕದಲ್ಲಿ ಕೆಲಸ ಮುಗಿದ ಇನ್ನೊಂದಿದೆ. ಅದರ ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ತಮ್ಮ ಹೆಸರು, ತಾರೀಖು ಬರೆದು ಸ್ಕ್ರೂ ಬಿಗಿಯುತ್ತಾರೆ.

ಒಳಗೆ ಬರೆದರೆ ಆ ಹೆಸರು ಯಾರಿಗೂ ಕಾಣುವುದಿಲ್ಲವಲ್ಲ ಎಂದು ಕೇಳುತ್ತೇನೆ.

"ಕಾಣ್ದಿದ್ರೇನೇ ಒಳ್ಳೇದು" ಎಂದು ಕೊನೆಯ ಸ್ಕ್ರೂ ತಿರುಗಿಸುತ್ತಾರೆ. "ಕಂಡ್ರೆ ಸೆಟ್ಟು ಕೆಟ್ಟಿದೆ ಅಂತ."